ಪ್ಲಾನಣ್ಣನ ಮನಾಲಿ

ಊರಿಗೊಬ್ಬ ಪ್ಲಾನಣ್ಣ ಇದ್ದೇ ಇರುತ್ತಾನೆ. ಹುಣಸೂರು ಕಡೆಯ ಪ್ಲಾನಣ್ಣ ಹೊಗೆಸೊಪ್ಪು ಬೆಳೆಗಾರ. ಆಸ್ತಿ ಎಂದರೆ ಸೊಪ್ಪು ಹದ ಮಾಡುವ ಎರಡು ಬ್ಯಾರನ್ನು, ಇಬ್ಬರು ಚಿಳ್ಳೆ ಮಕ್ಕಳು, ಇನ್ನೂರು ಪುಟದ ಒಂದು ನೋಟ್‌ಬುಕ್ಕು. ನೋಟ್‌ಬುಕ್ಕಿನ ಮೂಲೆಗಳಿಗೆ ಅರಿಶಿನ ಹಚ್ಚಿ, ಮೊದಲ ಪುಟದಲ್ಲಿ ‘ಮಕ್ಕಳ ಸ್ಕೀಯಿಂಗ್ ಟೂರು’ ಎಂದು ದಪ್ಪಕ್ಷರದಲ್ಲಿ ಬರೆದಿದ್ದಾನೆ.

ಈ ಹುಚ್ಚು ಹತ್ತಿದ್ದು ಆಗಸ್ಟ್ ತಿಂಗಳ ರಾತ್ರಿಗಳಲ್ಲಿ, ಬ್ಯಾರನ್ನಿನ ಮುಂದೆ. ಸೊಪ್ಪು ಹದವಾಗುವ ಕಡೇ ಹಂತದಲ್ಲಿ ಒಳಗಿನ ಕಾವು 70 ಡಿಗ್ರಿ ಆಸುಪಾಸು. ಸೌದೆ ಒಟ್ಟುತ್ತ ನಿದ್ದೆಗೆಟ್ಟು ಕೂತವನ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಗುಲ್ಮರ್ಗ್. ಅಷ್ಟು ಬೆಂಕಿಯೆದುರು ಕೂತವನಿಗೆ ಹಿಮವಲ್ಲದೆ ಇನ್ನೇನು ಹಿಡಿಸೀತು?

ಕಡೆಗೆ ಟೂರಿಗೆ ಗೊತ್ತಾದ ಜಾಗ ಮನಾಲಿ. ಅಲ್ಲಿಗೆ ಹೋಗಿಬಂದವರಿಗೂ ತಿಳಿಯದ್ದು ಅವನಿಗೆ ಗೊತ್ತು. ಅಟಲ್ ಸುರಂಗ 9.02 ಕಿಲೋಮೀಟರ್, ಉದ್ಘಾಟನೆಯಾದದ್ದು 2020ರ ಅಕ್ಟೋಬರ್ 3ರಂದು. ರೈಲಿನಲ್ಲಿ 5 ತುಂಬದ ಮಗುವಿಗೆ ಟಿಕೆಟ್ ಬೇಡ. ಆಮೇಲೆ ಬರ್ತ್ ಬೇಕೆಂದರೆ ಪೂರ್ತಿ ದುಡ್ಡು. ಪ್ಲಾನು ಶುರುವಾದಾಗ ಕಿರಿಯವಳು ಬಿಟ್ಟಿ ಪ್ರಯಾಣಿಕಳಾಗಿದ್ದಳು, ಈಗ ಪೂರ್ತಿ ಟಿಕೆಟ್ಟಿನವಳು. 2024ರ ನವೆಂಬರಿನಲ್ಲಿ ರೈಲ್ವೆಯವರು ಮುಂಗಡ ಬುಕಿಂಗನ್ನು 120 ದಿನದಿಂದ 60ಕ್ಕೆ ಇಳಿಸಿದಾಗ ಅವನೊಬ್ಬನಿಗೇ ಖುಷಿ. ಯೋಚನೆ ಮಾಡಲು ಇನ್ನೂ ಎರಡು ತಿಂಗಳು ಸಿಕ್ಕಿತಲ್ಲ!

ತೊಡಕಿರುವುದು ಕ್ಯಾಲೆಂಡರಿನಲ್ಲಿ. ಮನಾಲಿ ಹತ್ತಿರದ ಸೊಲಾಂಗ್‌ನಲ್ಲಿ ಒಳ್ಳೇ ಹಿಮ ಇರುವುದು ಜನವರಿ, ಫೆಬ್ರವರಿಯಲ್ಲಿ. ಆಗ ಮಕ್ಕಳಿಗೆ ಸ್ಕೂಲು, ಅವನಿಗೆ ಕಟ್ಟೆಮಳಲವಾಡಿಯ ಹೊಗೆಸೊಪ್ಪಿನ ಹರಾಜು. ತನ್ನ ಬೇಲು ಯಾವ ರೇಟಿಗೆ ಹೋಯಿತೆಂದು ನೋಡದೆ ಮನಾಲಿಗೆ ಹೋಗುವ ಬೆಳೆಗಾರ ಇನ್ನೂ ಹುಟ್ಟಿಲ್ಲ. ದಸರಾ ರಜೆಯಲ್ಲಿ ಹೋದರೆ ಅಲ್ಲಿ ಹಿಮವೇ ಇರುವುದಿಲ್ಲ. ಬೇಸಿಗೆ ರಜೆ ಬರುವಷ್ಟರಲ್ಲಿ ಅದು ಸೊಲಾಂಗ್ ಬಿಟ್ಟು 3,978 ಮೀಟರ್ ಎತ್ತರದ ರೋಹ್ತಾಂಗ್ ಹತ್ತಿ ಕೂತಿರುತ್ತದೆ. ಇಲ್ಲಿ ಹೊಗೆಸೊಪ್ಪಿನ ಸಸಿ ಮಡಿಯಲ್ಲಿ ನಿಂತು ನಾಟಿಗೆ ಕಾಯುತ್ತಿರುತ್ತದೆ. ಒಂದು ಹದ ಮಳೆ ಬಿತ್ತೋ, ಮನಾಲಿ ಮುಂದಿನ ವರ್ಷಕ್ಕೆ.

ಆದರೂ ಟೂರಿಗೆ ಜನ ಸೇರುತ್ತಲೇ ಇದ್ದಾರೆ. ಪಿರಿಯಾಪಟ್ಟಣದ ಷಡ್ಡಕ, “ಬತ್ತೀವಿ, ಆದ್ರೆ ವೈಷ್ಣೋದೇವಿನೂ ಸೇರ್ಸು” ಎಂದ. ಕೆ.ಆರ್. ನಗರದ ಭಾವಮೈದ ಮನೆ ಅಕ್ಕಿಯ ಮೂಟೆ ಹೊರಲು ಸಿದ್ಧ, ನೋಡುವ ಜಾಗ ಯಾವುದಾದರೂ ಸರಿ. ಎಚ್.ಡಿ. ಕೋಟೆಯ ತಂಗಿ ಗಂಡನದು ಮಾತ್ರ ತಕರಾರು: “ನಮ್ಮ ಕಬಿನಿ ಹಿನ್ನೀರಲ್ಲಿ ಆನೆ ನೋಡಕ್ಕೆ ಫಾರಿನ್‌ನವ್ರು ದುಡ್ಡು ಸುರೀತಾರೆ. ನಾವು ದುಡ್ಡು ಕೊಟ್ಟು ಜಾರಿ ಬೀಳಕ್ಕೆ ಹೋಗ್ಬೇಕಾ ಭಾವ?” ಅವ್ವನದು ಒಂದೇ ಪ್ರಶ್ನೆ: “ಅಲ್ಲಿ ಮುದ್ದೆ ಸಿಕ್ತದಾ ಮಗ?” ರಾಗಿಹಿಟ್ಟು ನೋಟ್‌ಬುಕ್ಕಿಗೆ ಏರಿತು.

ತಾಲೀಮೂ ನಡೆದಿದೆ. ಕೆರೆ ಏರಿಯ ಇಳಿಜಾರಿನಲ್ಲಿ ಮಕ್ಕಳನ್ನು ಅಡಿಕೆ ಹಾಳೆಯ ಮೇಲೆ ನಿಲ್ಲಿಸಿ, “ಮಂಡಿ ಬಗ್ಸಿ, ಮುಂದಕ್ಕೆ ಬಾಗಿ” ಎಂದು ಕೂಗುತ್ತಾನೆ. ಮಕ್ಕಳು ಕುಂಡೆಯ ಮೇಲೆ ಜಾರಿ, ಚಡ್ಡಿ ಹರಿದುಕೊಂಡು ಕೇಕೆ ಹಾಕುತ್ತವೆ. ಹೆಂಡತಿ ನೋಡುವಷ್ಟು ನೋಡಿ ಅಂದಳು: “ರೀ, ಮೊದ್ಲು ಆ ಮಗೀಗೆ ಶೂ ಲೇಸ್ ಕಟ್ಟೋದು ಕಲ್ಸಿ. ಕಾಲಿಗೆ ಹಲಗೆ ಆಮೇಲೆ ಕಟ್ಟೋರಂತೆ.”

ಸ್ವೆಟರಿಗೆಂದು ಬೈಲುಕುಪ್ಪೆಗೆ ಹೋದ. 1960ರ ದಶಕದ ಆರಂಭದಲ್ಲಿ ಟಿಬೆಟಿನಿಂದ ಬಂದವರು ನೆಲೆಸಿದ ಊರು; ಹಿಮದ ವಿಚಾರ ಇವರನ್ನಲ್ಲದೆ ಇನ್ಯಾರನ್ನು ಕೇಳುವುದು? ಅಂಗಡಿಯ ಹುಡುಗ ನಕ್ಕ. “ಅಣ್ಣ, ನಾನು ಹುಟ್ಟಿದ್ದೇ ಇಲ್ಲಿ. ಹಿಮ ನಾನೂ ಮೊಬೈಲಲ್ಲೇ ನೋಡಿರೋದು. ನೀವು ಹೋಗೋದಾದ್ರೆ ನಂಗೂ ಒಂದು ಸೀಟ್ ಹಿಡೀರಿ.” ಪ್ಲಾನಣ್ಣ ಅವನ ಹೆಸರನ್ನೂ ಬರೆದುಕೊಂಡ. ಸ್ವೆಟರನ್ನು ಮಾತ್ರ ಒಂದೊಂದು ಸೈಜು ದೊಡ್ಡದೇ ಕೊಂಡ. ಅಷ್ಟರ ಮಟ್ಟಿಗೆ ಅವನಿಗೂ ವಸ್ತುಸ್ಥಿತಿಯ ಅರಿವಿದೆ.

ಈ ಮೇ ತಿಂಗಳಲ್ಲಿ ಹೆಂಡತಿ ಯಾರನ್ನೂ ಕೇಳದೆ ಮಕ್ಕಳನ್ನು ಬಸ್ ಹತ್ತಿಸಿಕೊಂಡು ಮೈಸೂರಿನ ಹಿಮದ ಪಾರ್ಕಿಗೆ ಹೋಗಿಬಂದಳು. ಪ್ಲಾನಣ್ಣ ನಾಟಿ ಗದ್ದಲದಲ್ಲಿದ್ದ. ಸಂಜೆ ಕಿರಿಯವಳನ್ನು ತೊಡೆ ಮೇಲೆ ಕೂರಿಸಿಕೊಂಡು, “ಹೆಂಗಿತ್ತವ್ವ ಐಸು?” ಎಂದ.

“ಕೈ ಉರೀತು. ನಂಗೆ ಬ್ಯಾಡ.”

ಮಣ್ಣು ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡು ನೋಟ್‌ಬುಕ್ಕು ತೆಗೆದ. ‘ಗ್ಲೌಸು: ಮಕ್ಕಳಿಗೆ ಎರಡೆರಡು ಜೊತೆ’ ಎಂದು ಬರೆದು, ಕೆಳಗೆ ಗೆರೆ ಎಳೆದ.