ಅಪ್ಪನ ರಿಜಿಸ್ಟರು

ದಿನ ತುಂಬಿದ ಬಸುರಿಯ ಮುಂದೆ ಕಂಡಕಂಡವರೆಲ್ಲ ಡಾಕ್ಟರು. "ನಿಜವಾದ ನೋವು ಬಂದ್ರೆ ನಿನಗೇ ಗೊತ್ತಾಗತ್ತೆ ಬಿಡು" ಅಂದರು ಅತ್ತೆ. ಅಮ್ಮನೂ ಅದನ್ನೇ ಅಂದಳು. ಗೊತ್ತಾಗದೆ ಕೇಳುತ್ತಿರುವವಳಿಗೆ ಕೊಡುವ ಉತ್ತರವೇ ಇದು? ನನ್ನ ಹೊಟ್ಟೆ ಹೊತ್ತುಗೊತ್ತಿಲ್ಲದೆ ಬಿಗಿಯುತ್ತಿತ್ತು, ಸಡಿಲವಾಗುತ್ತಿತ್ತು. ಈ ಸುಳ್ಳು ನೋವನ್ನು 1872ರಲ್ಲಿ ಬ್ರಾಕ್ಸ್‌ಟನ್ ಹಿಕ್ಸ್ ಎಂಬ ಇಂಗ್ಲಿಷ್ ವೈದ್ಯ ವಿವರಿಸಿದನಂತೆ. ಹೊಟ್ಟೆ ನಮ್ಮದು, ಹೆಸರು ಅವನದು.

ಡಾಕ್ಟರಮ್ಮ ಬಿಡಿಸಿ ಹೇಳಿದ್ದರು: ಚೊಚ್ಚಲು, ಅವಸರ ಬೇಡ. ಐದು ನಿಮಿಷಕ್ಕೊಮ್ಮೆ ನೋವು ಬಂದು, ಒಂದೊಂದೂ ಒಂದು ನಿಮಿಷ ಇದ್ದು, ಹೀಗೇ ಒಂದು ಗಂಟೆ ನಡೆದರೆ ಹೊರಡಿ. ನೀರು ಹೋದರೆ, ರಕ್ತಸ್ರಾವವಾದರೆ, ಮಗು ಆಡುವುದು ಕಮ್ಮಿಯಾದರೆ ಮಾತ್ರ ಗಡಿಯಾರ ನೋಡುತ್ತಾ ಕೂರಬೇಡಿ. ಅಪ್ಪನ ಕಿವಿಗೆ ಬಿದ್ದದ್ದು ಗಡಿಯಾರವೊಂದೇ.

ಅಪ್ಪ ರಿಟೈರ್ಡ್ ಸ್ಟೇಷನ್ ಮಾಸ್ಟರ್. ಹಳೇ ಲೆಡ್ಜರಿಗೆ ಸ್ಕೇಲಿಟ್ಟು ಗೆರೆ ಹೊಡೆದರು: ಬಂದ ವೇಳೆ, ಹೋದ ವೇಳೆ, ಷರಾ. ನಾನು ದಿವಾನದ ಮೇಲೆ ಒರಗಿ "ಬಂತು" ಅನ್ನಬೇಕು, ಅವರು ಕನ್ನಡಕ ಏರಿಸಿ ಬರೆಯಬೇಕು. "ಹೋಯ್ತು" ಅಂದರೆ ಮತ್ತೆ ಬರೆಯಬೇಕು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿ. ಹುಟ್ಟಿದಾಗಿನಿಂದ ಅಪ್ಪ ನನ್ನ ಮಾತನ್ನು ಇಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ. ಅದಕ್ಕೇ ಬಂದೂ ಬಾರದ ನೋವಿಗೂ "ಬಂತು" ಅನ್ನುತ್ತಿದ್ದೆ. ಹನ್ನೆರಡು ನಿಮಿಷ, ಏಳು, ಆಮೇಲೆ ಇಪ್ಪತ್ತು. "ಏನಮ್ಮಾ ಇದು, ಹೇಳೋರು ಕೇಳೋರು ಇಲ್ವಾ ಇದಕ್ಕೆ?" ಅಂತ ಅಪ್ಪ ನನ್ನ ಹೊಟ್ಟೆಯನ್ನೇ ಗದರಿದರು. ಎದ್ದು ಹಜಾರದಲ್ಲಿ ಎರಡು ಸುತ್ತು ಹಾಕಿದರೆ ನೋವು ನಾಪತ್ತೆ. ಷರಾ: "ರದ್ದು." ಅಮ್ಮ ಜೀರಿಗೆ ಕಷಾಯ ತಂದಳು. ಸುಳ್ಳಾದರೆ ತಗ್ಗತ್ತೆ, ನಿಜವಾದರೆ ಏರತ್ತೆ ಅನ್ನುವುದು ಅವಳ ಪರೀಕ್ಷೆ. ತಗ್ಗಿತು. ಷರಾ: "ಕಷಾಯದ ನಿಮಿತ್ತ."

ಒಮ್ಮೆ ಆಸ್ಪತ್ರೆಗೂ ಹೋದೆವು. "ನಗ್ತಾ ಬಂದಿದೀರಲ್ಲ, ಮನೆಗೆ ಹೋಗಿ" ಅಂದಳು ನರ್ಸು. ಅಳುತ್ತಾ ಬರಬೇಕೆಂದು ಬಾಗಿಲಲ್ಲೇ ಬೋರ್ಡು ಹಾಕಬಾರದಿತ್ತೇ?

ಮನೆಯವರೆಲ್ಲ ನಕ್ಕರು, ಅಜ್ಜಿ ನಗಲಿಲ್ಲ. "ಸುಳ್ಳಾದ್ರೆ ವಾಪಸ್ ಬಂದ್ರಾಯ್ತು. ನನ್ ತಂಗಿಗೆ ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ ಅಂತ ಕೂರಿಸ್ಕೊಂಡ್ರು. ಗಾಡಿ ಕಟ್ಟೋ ಹೊತ್ತಿಗೆ ಹೊಳೆ ತುಂಬಿತ್ತು." ಮುಂದಿನದನ್ನು ಅವಳೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ನಿಜವಾದದ್ದು ಬೆಳಗಿನ ಜಾವ ಸೊಂಟದಿಂದ ಹೊರಟಿತು. ಬಚ್ಚಲಲ್ಲಿ ಲೋಳೆಯ ಜೊತೆ ರಕ್ತದ ಎಳೆ ಕಂಡಿತು. ನಡೆದೆ, ಮಗ್ಗುಲು ಬದಲಿಸಿದೆ, ಕಷಾಯ ಕುಡಿದೆ. ಅದು ಯಾವುದಕ್ಕೂ ಜಗ್ಗಲಿಲ್ಲ. ಅಪ್ಪ ಪೆನ್ನು ಹಿಡಿದು "ಬಂತಾ?" ಅಂದರು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಬಾಗಿಲಿನ ದಾರಂದ ಹಿಡಿದು ನಿಂತೆ. ಅಪ್ಪ ನನ್ನ ಮುಖ ನೋಡಿದವರೇ ಲುಂಗಿ ಎತ್ತಿಕಟ್ಟಿಕೊಂಡು ಆಟೋ ತರಲು ಓಡಿದರು.

ಆಸ್ಪತ್ರೆಯಲ್ಲಿ ಅದೇ ನರ್ಸು. "ಎಷ್ಟೊತ್ತಿಂದ ನೋವು? ಎಷ್ಟು ನಿಮಿಷಕ್ಕೊಂದ್ಸಲ?"

ಒಂದು ನಿಮಿಷ ಲೇಟಾದರೂ ಕಾರಣ ಬರೆದಿಡುತ್ತಿದ್ದ ನಮ್ಮಪ್ಪ ಬೆವರು ಒರೆಸಿಕೊಂಡು ಹೇಳಿದರು: "ಆಗ್ಲಿಂದ, ಸಿಸ್ಟರ್. ಆಗ್ಲಿಂದ."