ಮಾನ್ಯ ‘18 ವರ್ಷ 7 ತಿಂಗಳು’ ಅವರಿಗೊಂದು ಬಹಿರಂಗ ಪತ್ರ

ಪ್ರಧಾನ ಮಂತ್ರಿ ಮಾತೃ ವಂದನಾ ಯೋಜನೆಯ ಮಾರ್ಗಸೂಚಿಯಲ್ಲಿ ಕನಿಷ್ಠ ವಯಸ್ಸಿನ ಷರತ್ತಾಗಿ ವಿರಾಜಮಾನರಾಗಿರುವ ಮಾನ್ಯ ‘18 ವರ್ಷ 7 ತಿಂಗಳು’ ಅವರ ಸನ್ನಿಧಾನಕ್ಕೆ,

ಚೊಚ್ಚಲ ಬಸುರಿಯ ಆಹಾರಕ್ಕೂ, ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ಆಕೆಗೆ ತಪ್ಪುವ ಕೂಲಿಗೂ ಆಸರೆಯಾಗಲೆಂದು ಕಂತುಗಳಲ್ಲಿ 5,000 ರೂಪಾಯಿ ನೀಡುವ ಈ ಯೋಜನೆಯ ಬಾಗಿಲಲ್ಲಿ ತಾವು ಕಾವಲು ನಿಂತಿರುವುದು, ಬಾಲ್ಯವಿವಾಹಕ್ಕೆ ಸರ್ಕಾರವೇ ಉಡುಗೊರೆ ಕೊಟ್ಟಂತಾಗಬಾರದೆಂಬ ಸದುದ್ದೇಶದಿಂದಲೇ ಇರಬೇಕು. ಮದುವೆಯ ಮಾತುಕತೆಗೆ ಕುಳಿತ ಹಿರಿಯರು ಮೊದಲು ತಮ್ಮ ಮಾರ್ಗಸೂಚಿಯನ್ನು ತಿರುವಿ ಹಾಕಿ, ಐದು ಸಾವಿರ ಕೈತಪ್ಪುವುದೆಂದು ಬೆಚ್ಚಿ, ಅಚ್ಚಾದ ಲಗ್ನಪತ್ರಿಕೆಯನ್ನು ಹರಿದು ಹಾಕುತ್ತಾರೆಂಬ ತಮ್ಮ ನಂಬಿಕೆ ಮೆಚ್ಚತಕ್ಕದ್ದು. ಏಳು ತಿಂಗಳ ಲೆಕ್ಕ ಎಲ್ಲಿಂದ ಬಂತೆಂಬುದನ್ನು ಮಾತ್ರ ಊಹಿಸಿಕೊಳ್ಳಬೇಕಾಗಿದೆ: ಹದಿನೆಂಟು ತುಂಬಿದ ದಿನವೇ ತಾಳಿ ಕಟ್ಟಿಸಿಕೊಂಡವಳಿಗೆ ಅದಕ್ಕಿಂತ ಮೊದಲು ಹೆರಿಗೆಯಾಗುವುದು ಶಿಸ್ತಲ್ಲವೆಂದಿರಬಹುದು.

ಮನೆಮನೆಗೆ ತೆರಳಿ ಮಾಹಿತಿ ಕಲೆಹಾಕುವ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ (2019-21), ಕರ್ನಾಟಕದ 15ರಿಂದ 19 ವಯಸ್ಸಿನ ಹೆಣ್ಣುಮಕ್ಕಳ ಪೈಕಿ ಶೇ. 5.4ರಷ್ಟು ಮಂದಿ ಅದಾಗಲೇ ತಾಯಂದಿರಾಗಿದ್ದರು ಇಲ್ಲವೇ ಗರ್ಭಿಣಿಯರಾಗಿದ್ದರು. ಇವರಲ್ಲಿ ತಮ್ಮ ಗೆರೆ ದಾಟದವರ ಪಾಡು ತಾಯಿ ಕಾರ್ಡಿನಲ್ಲಿ, ಅಂದರೆ ಬಸುರಿಯ ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಮಗುವಿನ ಚುಚ್ಚುಮದ್ದುಗಳೆಲ್ಲ ದಾಖಲಾಗುವ ಪುಸ್ತಿಕೆಯಲ್ಲಿ, ವಯಸ್ಸಿನ ಚೌಕದಿಂದಲೇ ಶುರುವಾಗುತ್ತದೆ. ಅತ್ತೆ ‘ಹತ್ತೊಂಬತ್ತು ಅಂತ ಹಾಕವ್ವ’ ಎನ್ನುತ್ತಾಳೆ, ಆಧಾರ್ ಹದಿನೇಳು ಎನ್ನುತ್ತದೆ, ಆಶಾ ಕಾರ್ಯಕರ್ತೆಯ ಪೆನ್ನು ಅಲ್ಲೇ ನಿಲ್ಲುತ್ತದೆ. ಹದಿನೆಂಟು ತುಂಬದವರ ಮೇಲಿನ ಲೈಂಗಿಕ ಅಪರಾಧ ಗೊತ್ತಾದೊಡನೆ ಪೊಲೀಸರಿಗೆ ತಿಳಿಸಲೇಬೇಕೆನ್ನುವ 2012ರ ಪೋಕ್ಸೊ ಕಾಯ್ದೆ ಅಗತ್ಯವಾದದ್ದೇ ಆದರೂ, ಮಗ ಜೈಲು ಸೇರುವನೆಂಬ ಭಯದಲ್ಲಿ ಮನೆಯವರು ಹುಡುಗಿಯನ್ನು ತಪಾಸಣೆಗೇ ಕರೆತರದಿದ್ದರೆ, ಈ ವಯಸ್ಸಿನ ಬಸುರಿನಲ್ಲಿ ಹೆಚ್ಚು ಕಾಡುವ ನಂಜು, ಅಂದರೆ ರಕ್ತದೊತ್ತಡ ಏರಿ ಫಿಟ್ಸ್ ಬರುವ ಸ್ಥಿತಿ, ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಬಾಲ್ಯವಿವಾಹ ನಿಷೇಧ ಕಾಯ್ದೆಯ 2016ರ ತಿದ್ದುಪಡಿಯಂತೆ ಕರ್ನಾಟಕದಲ್ಲಿ ಬಾಲ್ಯವಿವಾಹ ಆರಂಭದಿಂದಲೇ ಅಸಿಂಧು. ಹೀಗಾಗಿ ಮದುವೆಯೇ ಆಗಿಲ್ಲವೆಂದು ಕಾಯ್ದೆ ಹೇಳುತ್ತದೆ, ಫಲಾನುಭವಿಯೇ ಅಲ್ಲವೆಂದು ತಾವು ಹೇಳುತ್ತೀರಿ. ಈ ವಿಷಯ ತಿಳಿಯದ ಕೂಸು ಮಾತ್ರ ಹಾಲಿಗೆ ಅಳುತ್ತಿರುತ್ತದೆ.

ಅಂದಹಾಗೆ, 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ 4ನೇ ಕಲಂ ‘ಪ್ರತಿಯೊಬ್ಬ’ ಗರ್ಭಿಣಿಗೂ ಬಾಣಂತಿಗೂ ಉಚಿತ ಊಟದ ಜೊತೆಗೆ 6,000 ರೂಪಾಯಿಗೆ ಕಡಿಮೆಯಿಲ್ಲದ ಹೆರಿಗೆ ಭತ್ಯೆಯ ಹಕ್ಕನ್ನು ಕೊಟ್ಟಿದ್ದು, ಹೊರಗಿಟ್ಟಿರುವುದು ಸರ್ಕಾರಿ ನೌಕರಿ ಮುಂತಾದ ಕಡೆ ಇಂಥದೇ ಸೌಲಭ್ಯ ಪಡೆಯುವವರನ್ನಷ್ಟೇ. ಐದು ಸಾವಿರ, ಹದಿನೆಂಟು, ಏಳು ಎಂಬ ಅಂಕಿಗಳು ಕಾಯ್ದೆಯ ಆ ಕಲಮಿನಲ್ಲಿಲ್ಲ. ತಮ್ಮದೇ ವಂಶದ ಹಿರಿಯರಾದ, ಆಸ್ಪತ್ರೆ ಹೆರಿಗೆಗೆ ನಗದು ನೀಡುವ ಜನನಿ ಸುರಕ್ಷಾ ಯೋಜನೆಯ ‘19 ವರ್ಷ’ ಅವರಂತೂ 2013ರಲ್ಲೇ ನಿವೃತ್ತರಾದರು. ಅದರಿಂದ ಆಕಾಶವೇನೂ ಕಳಚಿ ಬೀಳಲಿಲ್ಲ.

ಆದ್ದರಿಂದ ತಾವೂ ಗೌರವಪೂರ್ವಕವಾಗಿ ನಿವೃತ್ತರಾಗಬೇಕೆಂದು ತಮ್ಮನ್ನೂ, ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗೆಂದು ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ 2023ರಿಂದ ತೆರೆದ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳಲ್ಲಿ, ಹತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಬಾಣಂತಿಯಾದವಳ ಕೂಸಿಗೂ ಜಾಗ ಕೊಟ್ಟು ಆಕೆಯನ್ನು ಶಾಲೆಗೆ ಮರಳಿ ಕಳಿಸಬೇಕೆಂದು ಸಂಬಂಧಪಟ್ಟ ಇಲಾಖೆಗಳನ್ನೂ ಈ ಮೂಲಕ ಕೋರಲಾಗಿದೆ.