ಮೀಟರ್ ನೋಡಿ ಮರುಳಾದವರು

ದೊಡ್ಡಆಲಹಳ್ಳಿ ಕಡೆ ಹಳೇ ಕಾರು ಬಂತೆಂದರೆ ಬಾನೆಟ್ ಸುತ್ತ ನಾಲ್ಕು ಜನ, ಐದು ತೀರ್ಪು. ‘ಬರೀ 40,000 ಕಿಲೋಮೀಟರು ಅಣ್ಣಾ, ಸಿಂಗಲ್ ಓನರ್!’ ಎನ್ನುತ್ತಾನೆ ಬ್ರೋಕರ್. ಕ್ಲಚ್ ಪೆಡಲಿನ ರಬ್ಬರು ನೋಡಿದರೆ ಗೆರೆಯೇ ಇಲ್ಲದಂತೆ ನುಣ್ಣಗೆ ಸವೆದಿದೆ. ಡಿಕ್ಕಿಯ ಮೂಲೆಯಲ್ಲಿ ರೇಷ್ಮೆಗೂಡಿನ ಜುಂಗು ಇನ್ನೂ ಅಂಟಿಕೊಂಡಿದೆ. ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಎಷ್ಟು ಟ್ರಿಪ್ ಹೊಡೆದಿದೆಯೋ, ಮೀಟರಿಗೆ ಮಾತ್ರ ನೆನಪಿಲ್ಲ.

ಹಾಗಂತ ಓಡದ ಕಾರೂ ಸಾಚಾ ಅಲ್ಲ. ಹುಣಸೆಮರದಡಿ ವರ್ಷಗಟ್ಟಲೆ ನಿಂತದ್ದರ ಟೈರು ಬಿರುಕು ಬಿಟ್ಟು, ಬ್ಯಾಟರಿ ಸತ್ತು, ವೈರನ್ನೆಲ್ಲ ಇಲಿ ಕಡಿದಿರುತ್ತೆ. ದಿನಾ ಕನಕಪುರಕ್ಕೆ ಹೋಗಿಬಂದು, ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸಿಕೊಂಡ, ಲಕ್ಷ ಕಿಲೋಮೀಟರು ಓಡಿದ ಕಾರೇ ಎಷ್ಟೋ ವಾಸಿ. ಸಂಗಮದ ದಾರಿಯ ಏರು ಹತ್ತಿಸಿ ನೋಡಿ. ನೀಲಿ ಹೊಗೆ ಬಂದರೆ ದಂಡವತ್ ಪ್ರಣಾಮ. ನೋಂದಣಿಗೆ 15 ವರ್ಷ ತುಂಬಿದೆಯಾ ಅಂತಲೂ ಕೇಳಿ. ಸರಿಯಾಗಿ ಆಗಲೇ ಬ್ರೋಕರಿಗೆ ಅರ್ಜೆಂಟ್ ಫೋನು ಬರುತ್ತೆ.